ದೊರೆಯ ಲೋಟದ ಗುರುತು

ವರ್ಷಕ್ಕೊಂದು ಭಾನುವಾರ ಅರಮನೆಯ ಕೆಲಸಗಾರರ ಮನೆಯವರಿಗೆ ಟಿಕೆಟ್ ಇರುತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಟರು. ಹಿರಿಸೊಸೆ ಮಾತ್ರ ಮಾವನ ಮಂಚದ ಪಕ್ಕ ಗಂಜಿಯ ಬಟ್ಟಲು ಹಿಡಿದು ಕೂತಳು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳು ಅರಮನೆಯೊಳಗೆ ಕಾಲಿಟ್ಟವಳಲ್ಲ. ಮೊದಲ ವರ್ಷ ಬಸುರಿ, ಮರುವರ್ಷ ಬಾಣಂತಿ, ಆಮೇಲೆ ಏನಾದರೊಂದು ನೆಪ. ಐದು ವರ್ಷದ ಹಿಂದೆ ಮಾವನಿಗೆ ಪಾರ್ಶ್ವವಾಯು ಹೊಡೆದ ಮೇಲೆ ನೆಪ ಹುಡುಕುವ ಕಷ್ಟವೂ ಯಾರಿಗೂ ಉಳಿಯಲಿಲ್ಲ.

ಅತ್ತೆ ಆ ಅರಮನೆಯಲ್ಲಿ ಮೂವತ್ತೊಂದು ವರ್ಷದಿಂದ ಧೂಳು ಒರೆಸುತ್ತಿದ್ದಳು. ದೊರೆಗಳು ಹೋಗಿ ಅದು ಮ್ಯೂಸಿಯಂ ಆಗಿ ಎಷ್ಟೋ ಕಾಲವಾಗಿತ್ತು. ಆದರೂ ಅವಳು ಮನೆಯಲ್ಲಿ ಮಾತಾಡುವಾಗ ದೊರೆ ಈಗಷ್ಟೇ ಸ್ನಾನಕ್ಕೆ ಹೋಗಿದ್ದಾನೆ ಅನ್ನುವ ಧಾಟಿಯಲ್ಲೇ ಮಾತಾಡುತ್ತಿದ್ದಳು. ಆ ದಿನ ಬಾಗಿಲಲ್ಲಿ ಎಲ್ಲರ ಚಪ್ಪಲಿಗೂ ಬಟ್ಟೆಯ ಚೀಲ ತೊಡಿಸಿ ಕಿರಿಸೊಸೆಯನ್ನು, ಇಬ್ಬರು ಗಂಡುಮಕ್ಕಳನ್ನು, ಹಿರಿಮಗನ ಮಗಳು ಚೂಟಿಯನ್ನು ಅವಳೇ ಮುಂದೆ ನಿಂತು ಕರೆದೊಯ್ದಳು.

ಕನ್ನಡಿ ಕೋಣೆ, ಮಲಗುವ ಕೋಣೆ, ಆಯುಧಗಳ ಕೋಣೆ ಎಲ್ಲ ಮುಗಿದ ಮೇಲೆ ದೊರೆ ಓದುತ್ತಿದ್ದ ಕೋಣೆ. ಹಗ್ಗದ ಆಚೆ ಒಂದು ಮೇಜು, ಒಂದು ಕುರ್ಚಿ. ಕನ್ನಡಿಯಂತೆ ಹೊಳೆಯುವ ಆ ಮೇಜಿನ ಬಲಗಡೆ ಬಳೆಯಷ್ಟು ದೊಡ್ಡ ಬಿಳಿ ವೃತ್ತ. ಗೈಡ್ ದನಿ ತಗ್ಗಿಸಿ ಹೇಳಿದ. ಕೊನೆಯ ದೊರೆ ಒಂದು ಬೆಳಿಗ್ಗೆ ಬಿಸಿ ಹಾಲಿನ ಲೋಟ ಇಲ್ಲಿಟ್ಟು, ಹೊರಗೆ ಯಾರೋ ಕರೆದರೆಂದು ಎದ್ದುಹೋದ, ಮತ್ತೆ ಬರಲಿಲ್ಲ. ಪರದೆ ಹೊಸದು, ಹಾಸಿಗೆ ಹೊಸದು, ಖಡ್ಗದ ಹಿಡಿ ಕೂಡ ದುರಸ್ತಿಯಾದದ್ದು. ಈ ಗುರುತೊಂದೇ ದೊರೆಯ ಕೈಯಿಂದ ಆದದ್ದು ಆದ ಹಾಗೇ ಉಳಿದಿರುವುದು. ಹಗ್ಗದ ಪಕ್ಕದಲ್ಲಿ ಹಿತ್ತಾಳೆ ಕಾಲಿನ ಫಲಕದ ಮೇಲೂ ಅದನ್ನೇ ಬರೆದಿತ್ತು. ಜನ ಕತ್ತು ಚಾಚಿ ನೋಡಿದರು. ಈ ಕತೆ ಮೂರನೇ ಸಲ ಕೇಳುತ್ತಿದ್ದ ಕಿರಿಸೊಸೆ ಆಕಳಿಸಿದಳು.

ಸಂಜೆ ಚೂಟಿ ಅಮ್ಮನಿಗೆ ಕಂಡದ್ದೆಲ್ಲ ಒಪ್ಪಿಸಿದಳು. ದೊರೆಯ ಮಂಚ ತಾತನ ಮಂಚಕ್ಕಿಂತ ಚಿಕ್ಕದಂತೆ, ಕನ್ನಡಿ ಕೋಣೆಯಲ್ಲಿ ಅಜ್ಜಿ ಹನ್ನೊಂದು ಅಜ್ಜಿ ಆದಳಂತೆ, ಚಿಕ್ಕಪ್ಪ ಹಗ್ಗ ದಾಟಿ ಬೈಸಿಕೊಂಡನಂತೆ. ಲೋಟದ ಗುರುತಿನ ಮಾತು ಬರಲಿಲ್ಲ. ಅಂಥ ಗುರುತುಗಳು ಅವರ ಊಟದ ಮೇಜಿನ ಮೇಲೆ ಬೇಕಾದಷ್ಟಿದ್ದವು, ಹನ್ನೊಂದು ವರ್ಷದ ಹುಡುಗಿಗೆ ಅದೇನು ಸುದ್ದಿ.

ಅತ್ತೆ ನಿವೃತ್ತಿಯಾಗಲು ಆರು ವಾರ ಉಳಿದಿತ್ತು. ಹೋಗುವವರು ತಮ್ಮ ಮನೆಯವರೊಬ್ಬರ ಹೆಸರು ಹೇಳಬಹುದು, ಅವರು ಅರಮನೆಯ ವಾರದ ರಜೆಯ ದಿನ ಮ್ಯೂಸಿಯಂ ನೋಡಿಕೊಳ್ಳುವ ಸಾಹೇಬರ ಎದುರು ಅರ್ಧ ದಿನ ಕೆಲಸ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಕೆಲಸ ಅವರಿಗೇ ಅನ್ನುವುದು ಅಲ್ಲಿನ ಹಳೆಯ ರೂಢಿ. ಆ ಕೆಲಸ ಹಿರಿಸೊಸೆಗೆ ಅಂತ ಎಂದೋ ತೀರ್ಮಾನವಾಗಿತ್ತು. ಮಾವ ಹಾಸಿಗೆ ಹಿಡಿದಾಗ ಅವಳು ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಕತ್ತರಿ ಬಿಡಿಸಿ ಮನೆಯಲ್ಲಿ ಕೂರಿಸಬೇಕಾದರೆ ಅವಳ ಅಣ್ಣನ ಎದುರಿಗೇ ಅತ್ತೆ ಮಾತು ಕೊಟ್ಟಿದ್ದಳು. "ನಾನು ಮನೆಗೆ ಬಂದ ದಿನ ಇವಳು ಅರಮನೆಗೆ ಹೋಗ್ತಾಳೆ. ಅಲ್ಲೀವರೆಗೆ ಈ ಮುದುಕನ್ನ ನೋಡ್ಕೊಳ್ಳಲಿ."

ಹಿರಿಸೊಸೆ ಐದು ವರ್ಷ ನೋಡಿಕೊಂಡಳು. ಉಣಿಸಿದಳು, ಮಗ್ಗುಲು ಬದಲಿಸಿದಳು, ದಿನಕ್ಕೆರಡು ಸಲ, ಕೆಲವೊಮ್ಮೆ ನಾಲ್ಕು ಸಲ ಒರೆಸಿ ತೊಳೆದಳು. ಮುದುಕನ ಬಾಯಲ್ಲಿ ಉಳಿದದ್ದು ಒಂದೇ ಶಬ್ದ, "ತಾಯಿ". ಅದನ್ನು ಅವನು ಅವಳಿಗೊಬ್ಬಳಿಗೇ ಅನ್ನುತ್ತಿದ್ದ. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಊಟದ ಡಬ್ಬಿ ಹಿಡಿದು ಆ ಹೊಸ್ತಿಲು ದಾಟಬೇಕು, ಯಾರೂ ಕೂಗಿ ಕರೆಯದ ದೊಡ್ಡ ಕೋಣೆಗಳಲ್ಲಿ ಎಂಟು ತಾಸು ಇರಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಅಷ್ಟು ಸಣ್ಣ ಆಸೆಯನ್ನು ಅವಳು ಐದು ವರ್ಷ ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದಳು.

ಒಂದು ದಿನ ಊಟದ ಹೊತ್ತಿಗೆ ವ್ಯಾನ್ ಓಡಿಸುವ ಹಿರಿಮಗ ಮಾತು ತೆಗೆದ. ಹೆಸರು ಕೊಡುವ ಕಾಗದ ಬರೆಸಬೇಕಲ್ಲ ಅಂದ. ಎಲ್ಲರ ಕೈಯೂ ತಟ್ಟೆಯಲ್ಲಿ ನಿಂತಿತು.

"ಬರೆಸೋಣ," ಅಂದಳು ಅತ್ತೆ.

"ಅಕ್ಕ ಹೋದ್ರೆ ಮಾವನ್ನ ಯಾರು ನೋಡ್ಕೋತಾರೆ?" ಕಿರಿಸೊಸೆ ಕೇಳಿದಳು. "ನಂಗಂತೂ ಆ ವಾಸನೆ ಆಗಲ್ಲಪ್ಪ, ಮೊದಲೇ ಹೇಳಿಬಿಡ್ತೀನಿ."

"ಅಮ್ಮ ಇರ್ತಾಳಲ್ಲ," ಅಂದ ಹಿರಿಮಗ. "ಗಂಡ ತಾನೇ."

ಅತ್ತೆ ಒಂದು ತುತ್ತು ನುಂಗಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ನುಂಗಿದಳು. ಆಮೇಲೆ ಹೌದು, ನಾನಿರ್ತೀನಿ ಅಂದಳು. ಗಂಡನ ಕೋಣೆಗೆ ಅವಳು ಹೋಗುತ್ತಿದ್ದದ್ದು ಬಾಗಿಲವರೆಗೆ. ಅಲ್ಲಿಂದಲೇ ಇಣುಕಿ, ಊಟ ಆಯ್ತಾ ಅಂತ ಸೊಸೆಯನ್ನು ಕೇಳಿ ವಾಪಸು ಬರುತ್ತಿದ್ದಳು.

ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಿರಿಸೊಸೆಯ ಮುಂದೆ ಅತ್ತೆಯ ಬಾಯಿ ಸಡಿಲವಾಯಿತು. "ಮೂವತ್ತೊಂದು ವರ್ಷ ಕಂಡೋರ ಕೊಳೆ ತೆಗೆದೆ. ಇನ್ನು ಮನೆಗೆ ಬಂದು ಇವರದ್ದು ತೆಗೀಲಾ? ನನ್ನ ಕೈಯಲ್ಲಿ ಆಗಲ್ಲ." ಹಾಗಾದರೆ ಬೇಡ ಅಂತ ಅಕ್ಕನಿಗೆ ಹೇಳಿಬಿಡಿ ಅಂದಳು ಕಿರಿಸೊಸೆ. ಹಾಗೆ ಹೇಳುವ ಹಾಗಿಲ್ಲ, ಅವಳ ಅಣ್ಣನ ಮುಂದೆ ಮಾತು ಕೊಟ್ಟಿದ್ದೇನೆ, ಬೀದಿಯವರೆಲ್ಲ ಕೇಳಿಸಿಕೊಂಡಿದ್ದಾರೆ ಅಂತ ಅತ್ತೆ ಒದ್ದೆ ಹೊದಿಕೆಯನ್ನು ಹಿಂಡಿದಳು. "ಅವಳಾಗೇ ಬೇಡ ಅನ್ನಿಸ್ಕೋಬೇಕು."

ಕಿರಿಸೊಸೆಗೆ ಇದು ಅರ್ಥವಾಯಿತೋ ಇಲ್ಲವೋ, ಉಗುರಿಗೆ ಅಂಟಿದ್ದ ಸೋಪು ತೊಳೆದುಕೊಂಡು ಒಳಗೆ ಹೋದಳು.

ಆ ವಾರದಿಂದಲೇ ಪಾಠ ಶುರುವಾಯಿತು. ಸಂಜೆ ಅತ್ತೆ ಕೆಲಸ ಮುಗಿಸಿ ಬಂದು ಚಹಾ ಕುಡಿದು ಕುರ್ಚಿ ಎಳೆದುಕೊಂಡು ಕೂರುವಳು. ದಿನಕ್ಕೊಂದು ಕೋಣೆ. ಮನೆಯ ಸಾಮಾನೇ ಅರಮನೆಯ ಸಾಮಾನು. ಕಪಾಟು ಆಯುಧಗಳ ಕೋಣೆಯಾಯಿತು, ಬಚ್ಚಲ ಕನ್ನಡಿ ಕನ್ನಡಿ ಕೋಣೆಯಾಯಿತು. ಮೇಲಿನಿಂದ ಕೆಳಕ್ಕೆ ಬರಬೇಕು, ಕಿಟಕಿಯಿಂದ ಬಾಗಿಲಿಗೆ ಬರಬೇಕು. ಹೊಟ್ಟೆ ಯಾವ ಸಾಮಾನಿಗೂ ತಾಗಬಾರದು. ಹಿತ್ತಾಳೆಗೆ ನಿಂಬೆಹೋಳು, ಗಾಜಿಗೆ ಹಳೆಯ ಪೇಪರ್, ಮರಕ್ಕೆ ಒಣಬಟ್ಟೆ. ನೀರು ಮುಟ್ಟಿಸಿದರೆ ಸತ್ತೆ. ಹಿರಿಸೊಸೆ ಮಾವನ ಮಗ್ಗುಲು ಬದಲಿಸಿ ಬಂದು ಕೇಳಿಸಿಕೊಳ್ಳುವಳು, ಒಂದು ಬೀರು ಒರೆಸಿ ತೋರಿಸುವಳು, ನಡುವೆ ಕೂಗು ಬಂದರೆ ಓಡುವಳು.

ಒಂದು ಸಂಜೆ ಊಟದ ಮೇಜಿನ ಮೇಲೆ ಬಿಸಿ ಪಾತ್ರೆ ಇಟ್ಟಿದ್ದರ ಬಿಳಿ ವೃತ್ತವನ್ನು ಅವಳು ಒಂದು ಹನಿ ಎಣ್ಣೆ, ಒಂದು ಚಿಟಿಕೆ ನುಣ್ಣಗೆ ಅರೆದ ಉಪ್ಪು ಹಾಕಿ ಬೆರಳ ತುದಿಯಿಂದ ತಿಕ್ಕಿ ತೆಗೆದಳು. ಟೈಲರ್ ಅಂಗಡಿಯ ಕತ್ತರಿಸುವ ಹಲಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಬಿದ್ದಾಗ ಕಲಿತ ಉಪಾಯ ಅದು. ಅತ್ತೆ ಬಗ್ಗಿ ನೋಡಿದಳು. ಮೂಸಿ ಕೂಡ ನೋಡಿದಳು.

"ಓದುವ ಕೋಣೆ ಅಂತ ಒಂದಿದೆ," ಅಂದಳು ಆಮೇಲೆ. "ಅಲ್ಲೇನೂ ಇಲ್ಲ, ಒಂದು ಮೇಜು, ಒಂದು ಕುರ್ಚಿ. ಮೇಜಿನ ಮೇಲೆ ಕಲೆ ಗಿಲೆ ಕಂಡ್ರೆ ಬಿಡಬೇಡ. ಸಾಹೇಬ್ರು ಮೊದಲು ನೋಡೋದೇ ಅದನ್ನ."

"ಅಷ್ಟೇನಾ ಅತ್ತೆ? ಅಲ್ಲಿ ಬೇರೆ ಏನೂ ನೆನಪಿಡೋದಿಲ್ವಾ?"

"ಅಷ್ಟೇ."

ಹೇಳುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಚೂಟಿ ಆ ಹೊತ್ತಿಗೆ ಪಕ್ಕದ ಮನೆಗೆ ಲೆಕ್ಕದ ಪಾಠಕ್ಕೆ ಹೋಗಿದ್ದಳು. ಕಿರಿಸೊಸೆ ಒಳಗೆ ತಲೆ ಬಾಚುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತಿತು, ಆಮೇಲೆ ಮತ್ತೆ ಬಾಚತೊಡಗಿತು.

ನಾಲ್ಕು ವಾರದಲ್ಲಿ ಮನೆ ಎಷ್ಟು ಹೊಳೆಯಿತೆಂದರೆ, ನಮ್ಮ ಮನೆಗೂ ಟಿಕೆಟ್ ಇಡಬಹುದು ಅಂತ ಹಿರಿಮಗ ನಕ್ಕ. ಹಿರಿಸೊಸೆಯೂ ನಕ್ಕಳು. ಸೊಸೆ ನಗುವುದನ್ನು ಮಂಚದಿಂದ ಕೇಳಿ ಮುದುಕ ಅರ್ಧ ಮುಖದಲ್ಲಿ ತಾನೂ ನಕ್ಕ.

ತೋರಿಸುವ ದಿನ ಬಂತು. ಹಿರಿಮಗ ಅಪ್ಪನ ಹತ್ತಿರ ಇರಲು ಅರ್ಧ ದಿನ ರಜೆ ಹಾಕಿದ. ಬಕೆಟ್ ಹೊರಲು ಒಬ್ಬಳು ಇರಲಿ ಅಂತ ಅತ್ತೆ ಕಿರಿಸೊಸೆಯನ್ನೂ ಹೊರಡಿಸಿದಳು. ಹಿರಿಸೊಸೆ ಎಣ್ಣೆಯ ಪುಟ್ಟ ಶೀಶೆ, ಉಪ್ಪಿನ ಪೊಟ್ಟಣ, ನಾಲ್ಕು ಒಣಬಟ್ಟೆ ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದಳು. ಅರಮನೆಯ ಹಿಂಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಾಗ ತಣ್ಣನೆಯ ಕಲ್ಲು ಅವಳ ಪಾದಕ್ಕೆ ಹಿತವಾಯಿತು. ಎಷ್ಟು ಎತ್ತರದ ಚಾವಣಿ! ಕೂಗಿದರೂ ಕೂಗು ಕೆಳಗೆ ಬರುವಷ್ಟರಲ್ಲಿ ಸುಸ್ತಾಗುತ್ತದೆ ಅನ್ನಿಸಿತು ಅವಳಿಗೆ.

ಅವತ್ತು ಹಗ್ಗಗಳನ್ನೆಲ್ಲ ಬಿಚ್ಚಿದ್ದರು. ಫಲಕಗಳ ಹಿತ್ತಾಳೆ ಕಾಲು ಉಜ್ಜಬೇಕು ಅಂತ ಅತ್ತೆ ಬೆಳಿಗ್ಗೆಯೇ ಎಲ್ಲವನ್ನೂ ಎತ್ತಿಕೊಂಡು ಹೋಗಿ ಹಿಂದಿನ ಜಗಲಿಯಲ್ಲಿ ಒಟ್ಟಿದ್ದಳು. ಸಾಹೇಬರು ಕನ್ನಡಿ ಕೋಣೆಯಲ್ಲಿ ನೋಡಿ ತಲೆಯಾಡಿಸಿದರು. ಮಲಗುವ ಕೋಣೆಯಲ್ಲಿ, ಎಲ್ಲಿ ಕಲಿತೆಯಮ್ಮ ಅಂತ ಕೇಳಿದರು. ಅತ್ತೆ ಕಲಿಸಿದರು ಅಂದಳು. ಫೋನ್ ಬಂದಿತೆಂದು ಅವರು ಹೊರಗೆ ಹೋದಾಗ ಅವಳು ಓದುವ ಕೋಣೆಗೆ ಬಂದಳು.

ಮೇಜಿನ ಬಲಗಡೆ ಬಿಳಿ ವೃತ್ತ ಕಂಡಿತು. ಇಷ್ಟು ಚೆಂದದ ಮರದ ಮೇಲೆ ಯಾವನೋ ಬುದ್ಧಿಯಿಲ್ಲದವನು ಬಿಸಿ ಲೋಟ ಇಟ್ಟಿದ್ದಾನೆ ಅಂದುಕೊಂಡಳು. ಹಳೆಯ ಕಲೆ, ಆಳಕ್ಕೆ ಇಳಿದಿತ್ತು. ಒಂದು ಹನಿ ಎಣ್ಣೆ ಸಾಲಲಿಲ್ಲ, ನಾಲ್ಕು ಹನಿ ಬೇಕಾಯಿತು. ಹೊಟ್ಟೆ ಮೇಜಿಗೆ ತಾಗದ ಹಾಗೆ ಬಗ್ಗಿ, ಉಸಿರು ಬಿಗಿಹಿಡಿದು, ಅರ್ಧ ತಾಸು ತಿಕ್ಕಿದಳು. ಕೊನೆಗೆ ಒಣಬಟ್ಟೆಯಿಂದ ಒರೆಸಿ ಓರೆಯಿಂದ ನೋಡಿದಳು. ಗುರುತಿನ ಗುರುತೂ ಇರಲಿಲ್ಲ.

ಸಾಹೇಬರು ವಾಪಸು ಬಂದಾಗ ಅತ್ತೆ, ಕಿರಿಸೊಸೆ ಇಬ್ಬರೂ ಹಿಂದಿದ್ದರು. ಹಿರಿಸೊಸೆ ತಾನಾಗಿ ಬಾಯಿ ತೆರೆದಳು. ಅಂಥ ಧೈರ್ಯ ಅವಳಿಗೆ ಎಂದೂ ಬಂದಿರಲಿಲ್ಲ.

"ಮೇಜಿನ ಮೇಲೆ ಒಂದು ಹಳೇ ಕಲೆ ಇತ್ತು ಸಾರ್. ತೆಗೆದೆ."

ಸಾಹೇಬರು ಮೇಜಿನ ಹತ್ತಿರ ಬಂದರು. ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ಬಗ್ಗಿದರು. ಆಮೇಲೆ, ಎಪ್ಪತ್ತು ವರ್ಷದಿಂದ ಯಾರೂ ಕೂರಬಾರದೆಂದು ಹಗ್ಗ ಕಟ್ಟಿದ್ದ ದೊರೆಯ ಕುರ್ಚಿಯಲ್ಲಿ ಹಾಗೇ ಕುಸಿದು ಕೂತರು.

"ಹೇಳಿರಲಿಲ್ವಾ ಇವಳಿಗೆ?" ಅಂತ ಅತ್ತೆಯನ್ನು ಕೇಳಿದರು.

"ಹೇಳಿದ್ದೆ ಸಾರ್." ಅತ್ತೆಯ ಕಣ್ಣಲ್ಲಿ ಆಗಲೇ ನೀರು. "ಬಿಡಿಸಿ ಬಿಡಿಸಿ ಹೇಳಿದ್ದೆ. ತಲೆಗೆ ಹೋಗಿಲ್ಲ, ನಾನೇನು ಮಾಡ್ಲಿ."

ಹಿರಿಸೊಸೆ ಅತ್ತೆಯ ಮುಖ ನೋಡಿದಳು. ಏನು ಹೇಳಿದ್ದು, ಏನಾಯಿತು, ಅವಳಿಗೆ ಒಂದೂ ತಿಳಿಯಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಲೇ ಇದ್ದಳು. ಸಾಹೇಬರು ಕಿರಿಸೊಸೆಯ ಕಡೆ ತಿರುಗಿ, ನಿನಗೆ ಗೊತ್ತಿತ್ತಾ ಅಂದರು. "ಗೊತ್ತಿತ್ತು ಸಾರ್. ದೊರೆ ಹಾಲಿನ ಲೋಟ ಇಟ್ಟ ಗುರುತು. ಅದನ್ನ ಮುಟ್ಟಬಾರದು," ಅಂತ ಅವಳು ಶಾಲೆಯ ಹುಡುಗಿಯಂತೆ ಒಪ್ಪಿಸಿದಳು. ಈ ತಪ್ಪಿಗೆ ತನ್ನ ಪಿಂಚಣಿಗೆ ಏನೂ ಮಾಡಬೇಡಿ, ಬೇಕಾದರೆ ಕಿರಿಯವಳನ್ನು ತೆಗೆದುಕೊಳ್ಳಿ, ಇವಳಿಗೆ ಎಲ್ಲ ಗೊತ್ತು ಅಂತ ಅತ್ತೆ ಅತ್ತಳು. ಅವಳ ಮೂವತ್ತೊಂದು ವರ್ಷವನ್ನು ನೋಡಿ ಸಾಹೇಬರು ಮೂರು ದಿನದ ಮೇಲೆ ಹಾಗೇ ಮಾಡಿದರು.

ಕಲೆ ತೆಗೆದ ದಿನ ರಾತ್ರಿ ಊಟಕ್ಕೆ ಕೂತಾಗ ಯಾರೂ ಹಿರಿಸೊಸೆಯನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅತ್ತೆ ನನಗೆ ಹೇಳಲೇ ಇಲ್ಲ ಅಂತ ಅವಳು ಗಂಡನಿಗೆ ಹೇಳಿದಳು.

"ಅಮ್ಮ ಯಾಕೆ ಸುಳ್ಳು ಹೇಳ್ತಾಳೆ? ತನ್ನ ಹೆಸರನ್ನ ತಾನೇ ಕೆಡಿಸ್ಕೋತಾಳಾ?" ಅಂದ ಅವನು. "ನೀನು ಅಪ್ಪನ ಕೋಣೆಗೆ ಹತ್ತು ಸಲ ಓಡ್ತಿದ್ದೆ. ಆಗ ಹೇಳಿರ್ತಾಳೆ. ಮರೆತಿರ್ತೀಯ."

"ಅದು ಎಲ್ಲರಿಗೂ ಗೊತ್ತಮ್ಮ," ಅಂದಳು ಚೂಟಿ. "ನಿಂಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಮತ್ತೆ ಮತ್ತೆ ಅದನ್ನೇ ಕೇಳಿ ಅವಳಿಗೂ ತನ್ನ ಮೇಲೆ ಅನುಮಾನ ಹುಟ್ಟಿತು. ಹೇಳಿರಬಹುದು. ಮುದುಕ ಕೂಗುತ್ತಿದ್ದಾಗ ಹೇಳಿದ್ದರೆ ಕಿವಿಗೆ ಬೀಳದೆ ಹೋಗಿರಬಹುದು. ಹಾಲು ಉಕ್ಕಿದರೂ, ಉಪ್ಪು ಹೆಚ್ಚಾದರೂ, ನನ್ನ ತಲೆಯೇ ಸರಿಯಿಲ್ಲ ಅನ್ನತೊಡಗಿದಳು. ಮನೆಯವರಿಗೆ ಅದು ಅನುಕೂಲವಾಯಿತು. ಕಿರಿಸೊಸೆ ಎಂಟಕ್ಕೆ ಡಬ್ಬಿ ಹಿಡಿದು ಹೊರಟರೆ ಆ ಡಬ್ಬಿಗೆ ರೊಟ್ಟಿ ಪಲ್ಯ ಹಾಕಿಕೊಡುವವಳು ಹಿರಿಸೊಸೆಯೇ. ನಿವೃತ್ತಿಯಾದ ಅತ್ತೆ ಜಗಲಿಯಲ್ಲಿ ಕೂತು ಬೀದಿ ನೋಡಿದಳು. ಮುದುಕನಿಗೊಬ್ಬನಿಗೆ ಸಂತೋಷ. ಸೊಸೆ ಎಲ್ಲೂ ಹೋಗುವುದಿಲ್ಲ ಅನ್ನುವುದು ಅವನಿಗೆ ಹೇಗೋ ತಿಳಿದಿತ್ತು. ಅವಳ ಹೆಜ್ಜೆ ಕೇಳಿದರೆ ಸಾಕು, ಬಾಯಿ ತೆರೆಯುತ್ತಿದ್ದ.

ಎರಡು ತಿಂಗಳಾದ ಮೇಲೆ ಚೂಟಿಯ ಶಾಲೆಯಿಂದ ಚೀಟಿ ಬಂತು. ಮಕ್ಕಳನ್ನು ಅರಮನೆ ನೋಡಲು ಕರೆದೊಯ್ಯುತ್ತೇವೆ, ಜೊತೆಗೆ ಆರು ಜನ ತಾಯಂದಿರು ಬೇಕು. ನಾನು ಹೋಗುತ್ತೇನೆ ಅಂದಳು ಹಿರಿಸೊಸೆ. ಅತ್ತೆ ಬೇಡ ಅನ್ನಲು ಬಾಯಿ ತೆರೆದಳು. ಹಿರಿಮಗ, ಹೋಗಲಿ ಬಿಡಮ್ಮ, ಮೂರು ತಾಸಿನ ಮಾತು, ನೀನು ಮನೆಯಲ್ಲೇ ಇದ್ದೀಯಲ್ಲ ಅಂದ.

ಹೀಗೆ ಹನ್ನೆರಡು ವರ್ಷದ ಮೇಲೆ ಅವಳು ಮುಂಬಾಗಿಲಿಂದ, ಚಪ್ಪಲಿಗೆ ಬಟ್ಟೆಯ ಚೀಲ ತೊಟ್ಟು, ಮಗಳ ಕೈ ಹಿಡಿದುಕೊಂಡು ಅರಮನೆ ನೋಡಿದಳು. ಕನ್ನಡಿ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕಿರಿಸೊಸೆ ಫೋನ್ ನೋಡುತ್ತ ಕೂತಿದ್ದವಳು ಕೈ ಬೀಸಿದಳು. ಕನ್ನಡಿಯ ಚೌಕಟ್ಟಿನಲ್ಲಿ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳಿತ್ತು.

ಓದುವ ಕೋಣೆಯಲ್ಲಿ ಹಗ್ಗದ ಪಕ್ಕ ಈಗ ಮೇಜಿನ ಹಳೆಯ ಫೋಟೋ ನಿಲ್ಲಿಸಿದ್ದರು. ಗೈಡ್‌ಗೆ ಅವಳ ಪರಿಚಯವಿರಲಿಲ್ಲ. ಅವನು ದೊರೆಯ ಲೋಟದ ಕತೆ ಹೇಳಿದ, ಆಮೇಲೆ ಹೊಸದಾಗಿ ಸೇರಿದ್ದ ಕತೆಯನ್ನೂ ಹೇಳಿದ.

"ಎಪ್ಪತ್ತು ವರ್ಷ ಕಾಪಾಡಿದ್ದನ್ನ ಒಬ್ಬಳು ಅರ್ಧ ಗಂಟೇಲಿ ಒರೆಸಿ ಹಾಕಿದಳು. ಒಂದು ಹನಿ ಎಣ್ಣೆ, ಚಿಟಿಕೆ ಉಪ್ಪು!"

ತಾಯಂದಿರು ಲೊಚಗುಟ್ಟಿದರು. ಎಂಥ ದರಿದ್ರದವಳಪ್ಪಾ ಅಂದಳು ಒಬ್ಬಳು. ಅಂಥವರ ಕೈಗೆ ಯಾಕೆ ಕೊಡುತ್ತಾರೋ ಅಂದಳು ಇನ್ನೊಬ್ಬಳು. ಚೂಟಿ ಮೆಲ್ಲಗೆ ಅಮ್ಮನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಗೆಳತಿಯರ ನಡುವೆ ಹೋಗಿ ನಿಂತಳು.

"ಅವಳಿಗೆ ಯಾರೂ ಹೇಳಿರಲಿಲ್ವೇನೋ," ಅಂದಳು ಹಿರಿಸೊಸೆ.

"ಹೇಳದೆ ಇರ್ತಾರಾ ಅಮ್ಮ? ಇಲ್ಲಿ ಒಬ್ಬಳು ಮುದುಕಿ ಇದ್ದಳು. ಹೊಸಬರು ಬಂದ ಮೊದಲನೇ ದಿನ, ಪೊರಕೆ ಕೈಗೆ ಕೊಡೋ ಮುಂಚೆ, ಮಣಿಕಟ್ಟು ಹಿಡ್ಕೊಂಡು ಈ ಮೇಜಿನ ಮುಂದೆ ತಂದು ನಿಲ್ಲಿಸ್ತಿದ್ದಳು. ಇದನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ದಳು. ಒಂಬತ್ತು ಜನಕ್ಕೆ ಹಾಗೆ ಹೇಳಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

"ಮರೆತಿರಬಹುದು. ವಯಸ್ಸಾಗಿತ್ತು."

"ಊಟ ಬೇಕಾದ್ರೆ ಮರೀತಿದ್ದಳು. ಇದನ್ನ ಮರೆಯೋಳಲ್ಲ," ಅಂತ ನಕ್ಕು ಗೈಡ್ ಮುಂದಿನ ಕೋಣೆಗೆ ಹೊರಟ.

ಅವಳು ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಈ ಕೈಯನ್ನು ಯಾರೂ ಹಿಡಿದಿರಲಿಲ್ಲ. ಅದೊಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಎಷ್ಟೇ ಕೂಗಿನ ನಡುವೆಯೂ ಅದು ಮರೆತುಹೋಗುವಂಥದ್ದಲ್ಲ. ಎರಡು ತಿಂಗಳಿಂದ ತಲೆಯೊಳಗೆ ಗುಂಯ್‌ಗುಡುತ್ತಿದ್ದದ್ದು ತಟ್ಟನೆ ನಿಂತಿತು. ತನಗೆ ಹುಚ್ಚು ಹಿಡಿದಿಲ್ಲ ಅನ್ನುವ ಸಮಾಧಾನವೇ ಮೊದಲು ಬಂತು, ಅದರ ಹಿಂದೆಯೇ ಸಿಟ್ಟು ಬಂತು.

ಮನೆ ಬಾಗಿಲಿಗೇ ವಾಸನೆ ಬಡಿಯಿತು. ಜಗಲಿಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದಳು.

"ಬಂದ್ಯಾ? ಒಳಗೆ ಹೋಗಿ ನೋಡು. ನೀನು ಹೋದ ಸ್ವಲ್ಪ ಹೊತ್ತಿಗೇ ಮಾಡ್ಕೊಂಡ್ರು. ನೀನು ಬರ್ತೀಯಲ್ಲ ಅಂತ ಹಾಗೇ ಬಿಟ್ಟಿದ್ದೀನಿ."

ಹಿರಿಸೊಸೆ ಒಳಗೆ ಹೋದಳು. ಮೂರು ತಾಸಿನಿಂದ ಅದರಲ್ಲೇ ಬಿದ್ದಿದ್ದ ಮುದುಕ ಅವಳನ್ನು ಕಂಡದ್ದೇ ಅರ್ಧ ಮುಖದಲ್ಲಿ ನಕ್ಕ. ಅವಳು ಟಬ್ಬಿಗೆ ಬಿಸಿನೀರು ಬಿಟ್ಟಳು, ಬಟ್ಟೆ ತಂದಳು, ಸೋಪು ತಂದಳು, ಎಲ್ಲವನ್ನೂ ಮಂಚದ ಪಕ್ಕ ಸಾಲಾಗಿ ಇಟ್ಟಳು. ಆಮೇಲೆ ಜಗಲಿಗೆ ಹೋಗಿ ಅತ್ತೆಯ ಮಣಿಕಟ್ಟು ಹಿಡಿದು ಎಬ್ಬಿಸಿದಳು. ಬಟಾಣಿ ಚೆಲ್ಲಿ ನೆಲದ ಮೇಲೆಲ್ಲ ಉರುಳಿತು. ಏನೇ ಇದು, ಬಿಡು, ನೋವಾಗುತ್ತೆ ಅಂತ ಅತ್ತೆ ಎಳೆದಾಡಿದಳು. ಐದು ವರ್ಷ ಭಾರದ ಮೈಯನ್ನು ಎತ್ತಿ ಇಳಿಸಿದ ಕೈ ಅದು, ಬಿಡಲಿಲ್ಲ. ಹೊಸ್ತಿಲು ದಾಟಿಸಿ ಮಂಚದ ಮುಂದೆ ತಂದು ನಿಲ್ಲಿಸಿತು.

"ಒಂಬತ್ತು ಜನರನ್ನ ಹೀಗೆ ತಂದು ನಿಲ್ಲಿಸಿದ್ರಂತೆ," ಅಂದಳು. "ನನ್ನನ್ನ ಬಿಟ್ಟಿರಿ."

ಅತ್ತೆಯ ಎಳೆದಾಟ ನಿಂತಿತು. ಅವಳು ಇಲ್ಲ ಅನ್ನಲಿಲ್ಲ.

"ಇನ್ನು ಇವರನ್ನ ನಾನು ಮುಟ್ಟಲ್ಲ ಅತ್ತೆ. ನೀವೇ ಒರೆಸಿ. ಮೇಲಿನಿಂದ ಕೆಳಕ್ಕೆ ಬನ್ನಿ."

ಅಡುಗೆಮನೆಗೆ ಹೋಗಿ ತಟ್ಟೆಗೆ ಅನ್ನ ಹಾಕಿಕೊಂಡು ಕೂತಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅತ್ತ ಕೋಣೆಯಲ್ಲಿ ತುಂಬ ಹೊತ್ತು ನೀರಿನ ಸದ್ದೇ ಕೇಳಲಿಲ್ಲ. ಆಮೇಲೆ ಕೇಳಿತು, ಅದರ ಜೊತೆಗೆ ಅತ್ತೆ ಓಕರಿಸುವುದೂ, ಕೈ ಎತ್ತಿ ಸಾಯಿ ಅಂತ ಗಂಡನನ್ನು ಗದರುವುದೂ, ಚಟ್ ಅಂತ ಒಂದು ಏಟು ಬಿದ್ದದ್ದೂ ಕೇಳಿತು. ಈ ಮನೆಯಲ್ಲಿ ತನಗೆ ಏನೂ ಕೆಟ್ಟದ್ದು ಮಾಡದವನು ಅವನೊಬ್ಬನೇ ಅನ್ನುವುದು ಅವಳಿಗೆ ಗೊತ್ತಿತ್ತು.

"ತಾಯಿ," ಅಂತ ಮುದುಕ ಕರೆದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದ, ಈ ಸಲ ಅಳುತ್ತ.

ಅವಳು ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿಕೊಂಡಳು.